ಕನ್ನಡ ಮೀಡಿಯಂ ಕಲಿತವರು ಯುರೋಪಿನಲ್ಲಿ ಸಂಸಾರ ಹೂಡಬಹುದೇ?

ಪ್ರತಿ ವರ್ಷ ಮೇ ತಿಂಗಳ ಕೊನೆಗೆ ನಾವು ಅಧ್ಯಾಪಕರು ಮನೆ ಮನೆ ತಿರುಗುತ್ತೇವೆ, ಒಂದನೇ ತರಗತಿಗೆ ಮಕ್ಕಳನ್ನು ಹುಡುಕಿಕೊಂಡು. ಗಡಿಯಾಚೆಯ ಕನ್ನಡ ಶಾಲೆಗಳವರಿಗೆಲ್ಲ ಈ ತಿರುಗಾಟದ ಅನುಭವ ಉಂಟು. ಬಾಯಾರಿಕೆಗೆ ಕೊಟ್ಟು ಕೂರಿಸಿದ ಮೇಲೆ ಹೆತ್ತವರು ಕೇಳುವ ಪ್ರಶ್ನೆಯೂ ಒಂದೇ. "ಅಲ್ಲ ಮಾಷ್ಟ್ರೇ, ಕನ್ನಡ ಮೀಡಿಯಂಗೆ ಹಾಕಿದರೆ ನಾಳೆ ಇವನು ಫಾರಿನ್ನಿಗೆ ಹೋಗುವುದು ಹೇಗೆ?" ಮೊದಲೆಲ್ಲ ಫಾರಿನ್ ಎಂದರೆ ಗಲ್ಫ್ ಆಗಿತ್ತು. ಈಗ ಜರ್ಮನಿ, ನೆದರ್ಲೆಂಡ್ಸ್, ಐರ್ಲೆಂಡ್ ಎನ್ನುತ್ತಾರೆ.

ಈ ಪ್ರಶ್ನೆಗೆ ನಾವು ಇಷ್ಟು ವರ್ಷ ತಾಯ್ನುಡಿಯ ಮಹತ್ವ, ಸಂಸ್ಕೃತಿ ಎಂದೆಲ್ಲ ಉತ್ತರ ಕೊಟ್ಟೆವು. ಹೆತ್ತವರು ತಲೆಯಾಡಿಸಿದರು, ಮಗುವನ್ನು ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸಿದರು! ತಪ್ಪು ನಮ್ಮದೇ. ಅವರು ಕೇಳಿದ್ದು ಹೊಟ್ಟೆಪಾಡಿನ ಪ್ರಶ್ನೆ, ನಾವು ಕೊಟ್ಟದ್ದು ಭಾಷಣ. ಆದ್ದರಿಂದ ಈ ಸಲ ನಮ್ಮ ಶಾಲೆಯಲ್ಲೇ ಕಲಿತ ಒಬ್ಬ ಹುಡುಗ ಮತ್ತು ಅವನ ಹೆಂಡತಿಯ ಸಂಗತಿ ಹೇಳುತ್ತೇವೆ. ಇಬ್ಬರೂ ಕನ್ನಡ ಮಾಧ್ಯಮದವರು. ಈಗ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸಂಸಾರ ಹೂಡಿದ್ದಾರೆ. ಊರಿಗೆ ಬಂದಾಗಲೆಲ್ಲ ಶಾಲೆಗೆ ಬರುತ್ತಾರೆ, ಫೋನಿನಲ್ಲೂ ಮಾತಾಡುತ್ತಾರೆ. ಹೆಸರು ಬೇಡ ಎಂದಿದ್ದಾರೆ, ಹಾಗಾಗಿ ಹೆಸರಿಲ್ಲ.

ಹುಡುಗನಿಗೆ ಸಾಫ್ಟ್‌ವೇರ್ ಕೆಲಸ. ಬ್ಲೂ ಕಾರ್ಡ್ ಎಂಬ ಪರವಾನಗಿಯ ಮೇಲೆ ಹೋದದ್ದು. ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ. "ಇಂಗ್ಲಿಷ್ ಸಾಕು ಎಂದೇ ತಿಳಿದಿದ್ದೆ ಸಾರ್, ಆ ಧೈರ್ಯ ಆಫೀಸಿನ ಬಾಗಿಲವರೆಗೆ ಮಾತ್ರ" ಎಂದು ಅವನೇ ನಕ್ಕ. ಹೊಸ ಮನೆಗೆ ಹೋದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು, ಅದಕ್ಕೆ ಆನ್‌ಮೆಲ್ಡುಂಗ್ ಎಂದು ಹೆಸರು. ಮನೆ ಮಾಲಿಕನ ಸಹಿ ಇರುವ ಕಾಗದ ಬೇಕು. ಇದಾಗದೆ ಮುಂದಿನ ಕೆಲಸ ಯಾವುದೂ ಸಲೀಸಾಗಿ ಸಾಗುವುದಿಲ್ಲ. ಬಾಡಿಗೆಯಲ್ಲೂ ಎರಡು ಬಗೆ, "ತಣ್ಣನೆಯ ಬಾಡಿಗೆ" ಮತ್ತು "ಬೆಚ್ಚನೆಯ ಬಾಡಿಗೆ". ಮನೆ ಬಿಸಿ ಮಾಡುವ ಖರ್ಚು, ನೀರು, ಕಸ ಮೊದಲಾದವು ಸೇರಿದರೆ ಬೆಚ್ಚನೆಯದು. ಮುಂಗಡ ಮಾತ್ರ ತಣ್ಣನೆಯ ಬಾಡಿಗೆಯ ಮೂರು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು ಕಾನೂನು. ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಎಂದರೆ ನಾಲ್ಕು ಗೋಡೆ, ಒಂದು ನಲ್ಲಿ! ಒಲೆ, ಸಿಂಕು, ಕಪಾಟು ಎಲ್ಲ ನಾವೇ ತರಬೇಕು. ಭಾನುವಾರ ಅಂಗಡಿ ಮುಚ್ಚಿರುತ್ತದೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ನೆರೆಯವರು ಬಂದು ಬಾಗಿಲು ತಟ್ಟುತ್ತಾರೆ. ಪ್ಲಾಸ್ಟಿಕ್ ಬಾಟಲಿ ಹಿಂದಿರುಗಿಸಿದರೆ 25 ಸೆಂಟ್ ವಾಪಸ್. ಇದೆಲ್ಲದರ ಕಾಗದಪತ್ರ ಅಂಚೆಯಲ್ಲಿ ಬರುತ್ತದೆ, ಎಲ್ಲವೂ ಜರ್ಮನ್ ಭಾಷೆಯಲ್ಲಿ. ಒಂದು ಕಾಗದ ಅರ್ಥವಾಗದೆ ಮೇಜಿನ ಮೇಲಿಟ್ಟು ಮರೆತರು, ಎರಡು ತಿಂಗಳ ನಂತರ ದಂಡ ಕಟ್ಟಿದರು.

ಹೆಂಡತಿಯ ಪಾಡು ಬೇರೆ. ಇದನ್ನು ಹೆಣ್ಣುಮಕ್ಕಳ ಹೆತ್ತವರು ಗಮನವಿಟ್ಟು ಓದಬೇಕು.

ಜರ್ಮನಿಗೆ ಗಂಡನ ಹಿಂದೆ ಹೋಗುವ ಹೆಂಡತಿ ಹೊರಡುವ ಮೊದಲೇ ಅಲ್ಲಿನ ಭಾಷೆಯ ಎ1 ಎಂಬ ಆರಂಭದ ಪರೀಕ್ಷೆ ಪಾಸಾಗಬೇಕೆಂದು 2007ರಲ್ಲಿ ನಿಯಮ ಬಂತು. ಆದರೆ ಬ್ಲೂ ಕಾರ್ಡ್ ಪಡೆದವರ ಹೆಂಡತಿಗೆ (ಅಥವಾ ಗಂಡನಿಗೆ) ಇದರಿಂದ ವಿನಾಯಿತಿ ಉಂಟು. ಹೋಟೆಲಿನಲ್ಲಿ ದುಡಿಯುವವನ ಹೆಂಡತಿ ಪರೀಕ್ಷೆ ಬರೆಯಬೇಕು, ಇಂಜಿನಿಯರನ ಹೆಂಡತಿ ಬರೆಯಬೇಕಿಲ್ಲ! ಮೊದಲನೆಯವರಿಗೆ "ವಲಸಿಗರು" ಎಂದು ಹೆಸರು, ಎರಡನೆಯವರು ತಮ್ಮನ್ನು "ಎಕ್ಸ್‌ಪ್ಯಾಟ್" ಎಂದು ಕರೆದುಕೊಳ್ಳುತ್ತಾರೆ. ನಮ್ಮ ಹುಡುಗಿಯೂ ಖುಷಿಯಿಂದ ಪರೀಕ್ಷೆ ಬರೆಯದೆ ಹೋದಳು. ಆಮೇಲೆ ಗೊತ್ತಾಯಿತು, ಆ ವಿನಾಯಿತಿ ಉಪಕಾರವಲ್ಲ ಎಂದು.

ಬಿ.ಎಡ್. ಮಾಡಿ ಊರಲ್ಲಿ ಎರಡು ವರ್ಷ ಪಾಠ ಮಾಡಿದವಳು ಅಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಬಾಯಿ ಕಟ್ಟಿ ಕೂರಬೇಕಾಯಿತು. ಹೆಂಡತಿಗೂ ಕೆಲಸ ಮಾಡುವ ಪೂರ್ತಿ ಹಕ್ಕು ಅಲ್ಲಿದೆ, ಆದರೆ ಭಾಷೆ ಬಾರದೆ ಹಕ್ಕನ್ನು ಕಟ್ಟಿಕೊಂಡು ಏನು ಮಾಡುವುದು? ವೈದ್ಯರಲ್ಲಿಗೆ ಹೋಗಲೂ ಗಂಡ ರಜೆ ಹಾಕಬೇಕು. ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲೆ. "ಅಮ್ಮನಿಗೆ ಫೋನ್ ಮಾಡಿ ಚೆನ್ನಾಗಿದ್ದೇನೆ ಎನ್ನುತ್ತಿದ್ದೆ, ಇಟ್ಟ ಮೇಲೆ ಅಳುತ್ತಿದ್ದೆ" ಎಂದಳು. ಒಂದು ವರ್ಷ ಹೀಗೇ ಹೋಯಿತು. ನಂತರ ಸರ್ಕಾರದ ಇಂಟಿಗ್ರೇಷನ್ ಕೋರ್ಸಿಗೆ ಸೇರಿದಳು. 2005ರಿಂದ ನಡೆಯುತ್ತಿರುವ ವ್ಯವಸ್ಥೆ ಅದು. ಸಾಮಾನ್ಯವಾಗಿ 600 ಗಂಟೆ ಭಾಷೆ, 100 ಗಂಟೆ ದೇಶದ ಕಾನೂನು, ಚರಿತ್ರೆ, ಸಮಾಜದ ಪಾಠ. ಪಕ್ಕದ ಬೆಂಚಿನಲ್ಲಿ ಸಿರಿಯಾದ ಹೆಂಗಸು, ಹಿಂದಿನ ಬೆಂಚಿನಲ್ಲಿ ಉಕ್ರೇನಿನ ಅಜ್ಜಿ. ಎಕ್ಸ್‌ಪ್ಯಾಟ್ ಎಂಬ ಗತ್ತು ಅಲ್ಲಿಗೆ ಮುಗಿಯಿತು, ಸಂಸಾರ ಅಲ್ಲಿಂದ ಶುರುವಾಯಿತು.

ಆ ತರಗತಿಯಲ್ಲಿ ಅವಳಿಗೆ ನೆರವಾದದ್ದು ಯಾವುದು ಗೊತ್ತುಂಟಾ? ನಮ್ಮ ಕನ್ನಡ ವ್ಯಾಕರಣ! ಜರ್ಮನ್ ಭಾಷೆಯಲ್ಲಿ ನಾಲ್ಕು ವಿಭಕ್ತಿ. ಇಂಗ್ಲಿಷ್ ಮಾತ್ರ ಬಲ್ಲವರು ತಲೆ ಚಚ್ಚಿಕೊಳ್ಳುತ್ತಿದ್ದರೆ, ಮನೆಯನ್ನು, ಮನೆಯಿಂದ, ಮನೆಗೆ, ಮನೆಯಲ್ಲಿ ಎಂದು ಬಾಯಿಪಾಠ ಮಾಡಿದವಳಿಗೆ ವಿಭಕ್ತಿ ಎಂದರೇನೆಂದು ಬೇರೆ ಹೇಳಿಕೊಡಬೇಕಾಗಲಿಲ್ಲ. "ಏಕೆಂದರೆ" ಎಂದು ಆರಂಭವಾಗುವ ವಾಕ್ಯದಲ್ಲಿ ಜರ್ಮನ್ ಕ್ರಿಯಾಪದ ಕೊನೆಗೆ ಹೋಗುತ್ತದೆ. ಕನ್ನಡದ ಕ್ರಿಯಾಪದ ಇರುವುದೇ ಕೊನೆಯಲ್ಲಿ. ಲಿಂಗ ಮಾತ್ರ ಕಷ್ಟ ಕೊಟ್ಟಿತು. ಅಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ನಪುಂಸಕಲಿಂಗ! ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಟಿವಿಯಲ್ಲಿ ಹಿಂದಿ ಎಂದು ಬೆಳೆದವರಿಗೆ ಇನ್ನೊಂದು ಭಾಷೆ ಎಂದರೆ ಹೆದರಿಕೆ ಇಲ್ಲ. ತಪ್ಪು ಮಾತಾಡಲು ನಾಚಿಕೆಯೂ ಇಲ್ಲ. ಈಗ ಆಕೆ ಒಂದು ಬಾಲವಾಡಿಯಲ್ಲಿ ಸಹಾಯಕಿ. ಗಂಡನೂ ಅವಳನ್ನು ನೋಡಿ ಕಲಿತ. ಬ್ಲೂ ಕಾರ್ಡಿನವರಿಗೆ ಎ1 ಮಟ್ಟದ ಭಾಷೆ ಇದ್ದರೆ 27 ತಿಂಗಳಿಗೆ, ಬಿ1 ಮಟ್ಟ ಇದ್ದರೆ 21 ತಿಂಗಳಿಗೆ ಖಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಭಾಷೆ ಹೆಚ್ಚು ಕಲಿತಷ್ಟು ದಾರಿ ಹತ್ತಿರ.

ಇಷ್ಟು ಕೇಳಿದ ಒಬ್ಬ ಮಿತ್ರರು ನಮ್ಮನ್ನೇ ತಿರುಗಿ ಕೇಳಿದರು. "ಹಾಗಾದರೆ ಕೇರಳದಲ್ಲಿರುವ ಕನ್ನಡಿಗರು ಮಲಯಾಳ ಮೀಡಿಯಂ ಓದಲಿ, ಸರಿಯಾಯಿತಲ್ಲ?" ಒಳ್ಳೆಯ ಪ್ರಶ್ನೆ. ಇದಕ್ಕೂ ಉತ್ತರ ಆ ದಂಪತಿಯೇ ತಂದುಕೊಟ್ಟರು.

ಜರ್ಮನಿಯ ವಾಸದ ಪರವಾನಗಿ ಇದ್ದವರು ಸುತ್ತಲಿನ ಷೆಂಗೆನ್ ದೇಶಗಳಲ್ಲಿ ಪ್ರತಿ 180 ದಿನದಲ್ಲಿ 90 ದಿನದವರೆಗೆ ಬೇರೆ ವೀಸಾ ಇಲ್ಲದೆ ತಿರುಗಬಹುದು. ಒಂದು ರಜೆಯಲ್ಲಿ ಅವರು ಮ್ಯೂನಿಕ್‌ನಿಂದ ರೈಲು ಹತ್ತಿ, ಆಲ್ಪ್ಸ್ ಬೆಟ್ಟದ ಬ್ರೆನ್ನರ್ ಕಣಿವೆ ದಾಟಿ ಇಟಲಿಯ ಬೋಲ್ಜಾನೋಗೆ ಹೋದರು. ಸುಮಾರು ನಾಲ್ಕು ಗಂಟೆ ದಾರಿ. ಇಟಲಿ ನೋಡಲು ಹೋದವರಿಗೆ ಸ್ಟೇಷನ್ನಿನ ಬೋರ್ಡಿನಲ್ಲಿ ಎರಡು ಭಾಷೆ ಕಂಡಿತು. ಇಟಾಲಿಯನ್ನಿನಲ್ಲಿ ಬೋಲ್ಜಾನೋ, ಜರ್ಮನ್ನಿನಲ್ಲಿ ಬೋಜನ್. ಹಳ್ಳಿಗೆ ಹೋದರೆ ಅಂಗಡಿಯವರು ಮಾತಾಡಿದ್ದು ಜರ್ಮನ್! "ಸಾರ್, ಇದು ನಮ್ಮ ಮಂಜೇಶ್ವರ, ಕುಂಬಳೆ ಹಾಗೇ ಉಂಟು" ಎಂದು ಅಲ್ಲಿಂದಲೇ ಫೋನ್ ಮಾಡಿದ.

ನಾವು ಓದಿ ನೋಡಿದೆವು. ಆ ದಕ್ಷಿಣ ಟಿರೋಲ್ ಪ್ರದೇಶ ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾದ್ದು. 1919ರ ಒಪ್ಪಂದದಲ್ಲಿ ಇಟಲಿಗೆ ಹೋಯಿತು. ಜನ ಎಲ್ಲಿಗೂ ಹೋಗಲಿಲ್ಲ, ಗಡಿ ಅವರ ಮೇಲೆ ದಾಟಿ ಹೋಯಿತು. ಮುಸೊಲಿನಿ ಕಾಲದಲ್ಲಿ ಜರ್ಮನ್ ಶಾಲೆಗಳನ್ನು ಮುಚ್ಚಿಸಿದರು. ಆಗ ಅಲ್ಲಿನವರು ಅಟ್ಟ, ಕೊಟ್ಟಿಗೆಗಳಲ್ಲಿ ಗುಟ್ಟಾಗಿ ಮಕ್ಕಳಿಗೆ ಅಕ್ಷರ ಕಲಿಸಿದರು. 1946ರಲ್ಲಿ ಆಸ್ಟ್ರಿಯಾ ಮತ್ತು ಇಟಲಿ ಒಪ್ಪಂದ ಮಾಡಿಕೊಂಡವು. 1972ರಲ್ಲಿ ಹೊಸ ಸ್ವಾಯತ್ತ ಶಾಸನ ಜಾರಿಗೆ ಬಂತು. ಅದರ 19ನೇ ವಿಧಿಯಂತೆ ಜರ್ಮನ್ ಮಕ್ಕಳ ಶಾಲೆಯಲ್ಲಿ ಪಾಠ ಮಾಡುವವರ ತಾಯ್ನುಡಿಯೂ ಜರ್ಮನ್ ಆಗಿರಬೇಕು. ಇಟಾಲಿಯನ್ ಭಾಷೆಯನ್ನೂ ಮಕ್ಕಳು ಕಡ್ಡಾಯವಾಗಿ ಕಲಿಯುತ್ತಾರೆ, ಅದನ್ನು ಕಲಿಸುವವರು ಇಟಾಲಿಯನ್ ತಾಯ್ನುಡಿಯವರು. ನಮ್ಮ ಓದುಗರಿಗೆ ಈ ವಿಧಿಯ ಬೆಲೆ ವಿವರಿಸಬೇಕಿಲ್ಲ. ಕನ್ನಡ ಬಾರದವರು ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸಲು ಬಂದಾಗ ತರಗತಿಯಲ್ಲಿ ಏನಾಗುತ್ತದೆ ಎಂದು ನಾವೆಲ್ಲ ನೋಡಿದ್ದೇವೆ.

ದಕ್ಷಿಣ ಟಿರೋಲಿನಲ್ಲಿ ಜರ್ಮನ್ನರೇ ಹೆಚ್ಚು, ನಾವು ಹಾಗಲ್ಲವಲ್ಲ ಎನ್ನಬಹುದು. ಹಾಗಾದರೆ ಜರ್ಮನಿಯ ಉತ್ತರದ ಫ್ಲೆನ್ಸ್‌ಬುರ್ಗ್ ಕಡೆ ನೋಡಿ. 1920ರಲ್ಲಿ ಜನಮತ ತೆಗೆದು ಗಡಿ ಎಳೆದಾಗ ಡ್ಯಾನಿಶ್ ಮಾತಿನವರು ಅಲ್ಪಸಂಖ್ಯಾತರಾಗಿ ಜರ್ಮನಿಯಲ್ಲಿ ಉಳಿದರು. ಇಂದೂ ಅವರ 40ಕ್ಕೂ ಹೆಚ್ಚು ಡ್ಯಾನಿಶ್ ಶಾಲೆಗಳು ಅಲ್ಲಿ ನಡೆಯುತ್ತಿವೆ. ಆ ಮಕ್ಕಳು ಜರ್ಮನ್ನನ್ನೂ ಚೆನ್ನಾಗಿಯೇ ಕಲಿಯುತ್ತಾರೆ.

ಯುರೋಪಿನಲ್ಲಿ 1992ರಲ್ಲಿ ಪ್ರಾದೇಶಿಕ ಮತ್ತು ಅಲ್ಪಸಂಖ್ಯಾತ ಭಾಷೆಗಳಿಗಾಗಿ ಒಂದು ಸನ್ನದು ಮಾಡಿದರು. ಆ ನೆಲದಲ್ಲಿ ಹಿಂದಿನಿಂದ ಇರುವ ಭಾಷೆಗಳಿಗೆ ಅದರಲ್ಲಿ ರಕ್ಷಣೆ ಉಂಟು. ಹೊರಗಿನಿಂದ ವಲಸೆ ಬಂದವರ ಭಾಷೆ ಅದರಲ್ಲಿ ಸೇರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಹಾಗಾಗಿ ಜರ್ಮನಿಯಲ್ಲಿ ಡ್ಯಾನಿಶ್‌ಗೆ ರಕ್ಷಣೆ, ಅದಕ್ಕಿಂತ ಎಷ್ಟೋ ಹೆಚ್ಚು ಜನ ಮಾತಾಡುವ ಟರ್ಕಿಶ್‌ಗೆ ಇಲ್ಲ. ನಮ್ಮ ಮಿತ್ರರ ಪ್ರಶ್ನೆಗೆ ಇದೇ ಉತ್ತರ. ಮ್ಯೂನಿಕ್ಕಿಗೆ ಹೋದ ನಮ್ಮ ಹುಡುಗ ತಾನಾಗಿ ಹೋದವನು, ಅವನು ಜರ್ಮನ್ ಕಲಿಯಲೇಬೇಕು. ಆದರೆ ಕಾಸರಗೋಡಿನಲ್ಲಿರುವ ಅವನ ಅಜ್ಜ ಎಲ್ಲಿಗೂ ಹೋಗಲಿಲ್ಲ. 1956ರ ನವೆಂಬರ್ 1ರಂದು ರಾಜ್ಯ ಬದಲಾಯಿತು, ಅಜ್ಜನ ಮನೆ, ತೋಟ, ಬಾವಿ ಅಲ್ಲೇ ಇದ್ದವು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಯುವ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಅದೇ ವರ್ಷ ಸೇರಿತು. 2017ರ ಕಾಯ್ದೆಯಿಂದ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯವಾಯಿತು. ಮಲಯಾಳ ಕಲಿಯುವುದಕ್ಕೆ ನಮ್ಮ ವಿರೋಧವಿಲ್ಲ, ಕಲಿತರೆ ಲಾಭವೇ. ಆದರೆ ಅದು ಕನ್ನಡದ ಜತೆಗೆ ಬರಬೇಕು, ಕನ್ನಡದ ಜಾಗಕ್ಕೆ ಬರಬಾರದು.

ಕೊನೆಗೆ ಆ ದಂಪತಿಗೂ ಒಂದು ಮಾತು. ಅವರಿಗೀಗ ಮೂರು ವರ್ಷದ ಮಗಳಿದ್ದಾಳೆ. ಬಾಲವಾಡಿಯಲ್ಲಿ ಜರ್ಮನ್ ಅರಳು ಹುರಿದಂತೆ ಮಾತಾಡುತ್ತಾಳಂತೆ, ಅಜ್ಜಿಯ ಹತ್ತಿರ ಮಾತ್ರ ಫೋನಿನಲ್ಲಿ ಸುಮ್ಮನೆ ನಗುತ್ತಾಳೆ. ಆ ಮಗುವಿನ ಕನ್ನಡವನ್ನು ಯಾವ ಸನ್ನದೂ ಕಾಯುವುದಿಲ್ಲ. ಅಪ್ಪ ಅಮ್ಮ ಮನೆಯಲ್ಲಿ ಮಾತಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮಗೆ ಇಲ್ಲಿ ಶಾಲೆ ಇದೆ, ಪುಸ್ತಕ ಇದೆ, ಸಂವಿಧಾನದ ಬಲ ಇದೆ. ಇಷ್ಟಿದ್ದೂ ನಾವೇ ಬೇಡವೆಂದು ಬಿಟ್ಟರೆ ಯಾರನ್ನು ದೂರುವುದು?

ಬರುವ ಮೇ ತಿಂಗಳಲ್ಲಿ ಮತ್ತೆ ಮನೆಗಳಿಗೆ ಹೋಗುತ್ತೇವೆ. ಅದೇ ಪ್ರಶ್ನೆ ಕೇಳಿದರೆ ಹೇಳುತ್ತೇವೆ. ಹೌದು, ಹೋಗಬಹುದು. ಎಲ್ಲಿಗೆ ಹೋದರೂ ಅಲ್ಲಿಯ ಭಾಷೆ ಹೊಸದಾಗಿ ಕಲಿಯಲೇಬೇಕು. ಒಂದು ಭಾಷೆಯನ್ನು ಬುಡದಿಂದ ಕಲಿತವನಿಗೆ ಇನ್ನೊಂದು ಸುಲಭ. ಆ ಬುಡದ ಕೆಲಸ ನಮ್ಮ ಶಾಲೆಯಲ್ಲಿ ಆಗುತ್ತದೆ, ಮಗುವನ್ನು ಕಳಿಸಿ. ನೀವೇನಂತೀರಿ?