ಹೆಸರು ಕರೆಯುವ ನಾಲಗೆ

ನಾಮ, ರೂಪ ಎಂಬ ಎರಡು ಮಾತುಗಳನ್ನು ನಮ್ಮ ಶಾಸ್ತ್ರಗಳು ಒಟ್ಟಿಗೇ ಹೇಳುತ್ತವೆ. ಹೆಸರು ಕಿವಿಗೆ ಬಿದ್ದೊಡನೆ ಮನಸ್ಸು ಒಂದು ಮುಖವನ್ನು ಬರೆದುಕೊಳ್ಳುತ್ತದೆ. ಕೆಂಚಪ್ಪ ಎಂದರೆ ಕೆಂಪು ಮೈಬಣ್ಣ, ದೊಡ್ಡಯ್ಯ ಎಂದರೆ ಎತ್ತರದ ಆಳು. ಬಂದವನು ಹಾಗಿಲ್ಲದಿದ್ದರೆ ನಗುತ್ತೇವೆ. ಹಾಗೆಯೇ ಇದ್ದರೆ ಅವನ ಗುಣವನ್ನೂ ಬಲ್ಲೆವೆಂದು ತಿಳಿಯುತ್ತೇವೆ.

ಹಿಂದೊಮ್ಮೆ ಪಾವಗಡದ ಕಡೆಯ ಭಕ್ತರೊಬ್ಬರು ತಾಯಿ, ಮಗಳೊಡನೆ ಶ್ರೀಮಠಕ್ಕೆ ಬಂದರು. 'ಬುದ್ಧೀ, ಕೂಸಿನ ಹೆಸರು ತಿಪ್ಪಮ್ಮ. ಕಾಲೇಜಿನಲ್ಲಿ ಹೆಸರು ಹೇಳಲು ನಾಚುತ್ತಾಳೆ. ತಾವು ಬೇರೆ ಹೆಸರು ದಯಪಾಲಿಸಬೇಕು' ಎಂದರು. ಹುಡುಗಿ ತಲೆ ಎತ್ತಲಿಲ್ಲ. ಅಜ್ಜಿ ಮೆಲ್ಲಗೆ ಹೇಳಿದರು: 'ಮೊದಲ ಎರಡು ಕೂಸು ಉಳೀಲಿಲ್ಲ ಬುದ್ಧಿ. ಇದಾದರೂ ಉಳೀಲಿ ಅಂತ ತಿಪ್ಪೆ ಮೇಲೆ ಉರುಳಿಸಿ ಎತ್ತಿಕೊಂಡೆ.' ಹುಡುಗಿ ಆ ಮಾತನ್ನು ಕೇಳಿದ್ದು ಅಂದೇ ಮೊದಲು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲೂ ಅದೇ ಮಾತಿದೆ. ಅವರ ತೇರಿನ ಮುಂದೆ ಸಾವಿರಾರು ಜನ ಕೈ ಮುಗಿಯುತ್ತಾರೆ, ಯಾರೂ ನಗುವುದಿಲ್ಲ. ಅದೇ ಹೆಸರು ಬಡವರ ಮಗಳಿಗಿದ್ದರೆ ನಗೆ ಬರುತ್ತದೆ. ದೋಷ ಹೆಸರಿನದೋ, ನಾಲಗೆಯದೋ?

ಇಸ್ರೇಲಿನ ಸಂಶೋಧಕರು 2024ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಪರಿಚಿತರ ಭಾವಚಿತ್ರ ತೋರಿಸಿ, ಕೆಲವು ಹೆಸರುಗಳಲ್ಲಿ ಇವರದು ಯಾವುದೆಂದು ಕೇಳಿದರು. ದೊಡ್ಡವರ ಮುಖ ನೋಡಿದವರು ಬರಿಯ ಅದೃಷ್ಟಕ್ಕಿಂತ ಹೆಚ್ಚು ಸಲ ಸರಿಯಾದ ಹೆಸರು ಹೇಳಿದರು. ಮಕ್ಕಳ ಮುಖ ನೋಡಿ ಹಾಗೆ ಹೇಳಲಾಗಲಿಲ್ಲ. ಹೆಸರಿಗೆ ತಕ್ಕ ಮುಖ ಹುಟ್ಟಿನಿಂದ ಬಂದದ್ದಲ್ಲ. ಜನರ ನಿರೀಕ್ಷೆಯಂತೆ ನಡೆನುಡಿ, ಉಡಿಗೆತೊಡಿಗೆಗಳನ್ನು ತಿದ್ದಿಕೊಳ್ಳುತ್ತ ಮನುಷ್ಯ ಬೆಳೆಯುತ್ತಾನೆ ಎಂಬುದು ಅವರ ಅಭಿಪ್ರಾಯ. ಇದು ನಿಜವಾದರೆ ಮಕ್ಕಳ ಮುಖದಲ್ಲಿ ನಾವೆಲ್ಲರೂ ದಿನವೂ ಏನನ್ನೋ ಬರೆಯುತ್ತಿದ್ದೇವೆ.

ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ಬೇಡವಾದವಳು' ಎಂಬ ಅರ್ಥದ 'ನಕುಸಾ' ಹೆಸರು ಹೊತ್ತಿದ್ದ 285 ಹೆಣ್ಣುಮಕ್ಕಳಿಗೆ 2011ರಲ್ಲಿ ಹೊಸ ಹೆಸರಿಟ್ಟರು. ನಮ್ಮಲ್ಲಿಯೂ ಹೆಣ್ಣು ಇನ್ನು ಸಾಕೆಂದು ಸಾಕಮ್ಮ ಎಂದಿಟ್ಟವರಿದ್ದಾರೆ. ಆದರೆ ಸಾಕು ಎಂದರೆ ಸಲಹು ಎಂದೂ ಅರ್ಥವಲ್ಲವೇ? ನಮ್ಮ ತುಮಕೂರು ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕಾಫಿಪುಡಿ ಉದ್ಯಮ ಕಟ್ಟಿ ಹಲವರಿಗೆ ಅನ್ನದ ದಾರಿಯಾದ ತಾಯಿಯ ಹೆಸರೂ ಸಾಕಮ್ಮ. ಆ ಹೆಸರಿಗೆ ಅವರು ಎರಡನೆಯ ಅರ್ಥವನ್ನು ತಂದುಕೊಟ್ಟರು.

ಅಂದು ಆ ಹುಡುಗಿಗೆ ಕೇಳಿದ ಹೆಸರನ್ನು ನಾವು ಕೊಟ್ಟೆವು. ಆದರೆ ತಂದೆಗೆ ಹೇಳಿದ್ದಿಷ್ಟೆ: ತಲೆ ತಗ್ಗಿಸುವುದನ್ನು ಇವಳಿಗೆ ಕಲಿಸಿದ್ದು ಅಜ್ಜಿಯಿಟ್ಟ ಹೆಸರಲ್ಲ, ಅದನ್ನು ಕರೆದು ನಕ್ಕವರು. ಅವರು ಬದಲಾಗದಿದ್ದರೆ ಹೊಸ ಹೆಸರೂ ಹಳೆಯದಾಗುತ್ತದೆ.

ಆದುದರಿಂದ ಮನೆಯ ಹಿರಿಯರು ಮಕ್ಕಳನ್ನು ಕರಿಯ, ಮೊದ್ದು, ಶನಿ ಎಂದು ಕೂಗುವ ಮುನ್ನ ಒಂದು ಗಳಿಗೆ ತಡೆಯಬೇಕು. ಮೈಮೇಲೆ ಲಿಂಗ ಧರಿಸಿದ ಮಗು ಶಿವನ ಸ್ವರೂಪವೆಂದು ನಂಬುವ ನಾವು, ಆ ಮಗುವನ್ನು ಶಿವ ಓಗೊಡುವಂತೆ ಕರೆಯೋಣ.