ಸೌಂದರ್ಯಸ್ಪರ್ಧೆಯೂ ಬಾಲಿಕೆಯರೂ

ಮಾನ್ಯ ಸಂಪಾದಕರೇ,

1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ಜರುಗಿದಾಗ, ಪ್ರತಿಭಟನೆಯ ಕಾವಿಗೆ ಮಣಿದು ಈಜುಡುಗೆಯ ಸುತ್ತನ್ನು ಸೆಶೆಲ್ಸ್ ದ್ವೀಪಗಳಿಗೆ ಸಾಗಿಸಲಾಯಿತು. ಆದರೆ ಸ್ತ್ರೀದೇಹವನ್ನು ಅಂಕಗಳಿಂದ ಅಳೆಯುವುದು ಯುಕ್ತವೇ ಎಂಬ ಮೂಲಪ್ರಶ್ನೆಯು ಸಂಸ್ಕೃತಿರಕ್ಷಣೆಯ ಕೋಲಾಹಲದಲ್ಲಿ ಅನುತ್ತರಿತವಾಗಿಯೇ ಉಳಿಯಿತು. ಮುಂದೆ ಸಂಘಟಕರೇ ಆ ಸುತ್ತನ್ನು ಕೈಬಿಟ್ಟುದು ಸ್ವಾಗತಾರ್ಹವಾದರೂ, ಎತ್ತರ, ತೂಕ, ಮೈಬಣ್ಣಗಳ ಅಲಿಖಿತ ಮಾನದಂಡವು ಇಂದು ಬಾಲಸುಂದರಿ ಸ್ಪರ್ಧೆಗಳವರೆಗೂ ಇಳಿದುಬಂದು, ಹಾಲುಹಲ್ಲು ಉದುರದ ಕೂಸುಗಳಿಗೂ ತಮ್ಮ ರೂಪದ ವಿಷಯದಲ್ಲಿ ಲಜ್ಜೆಯನ್ನು ಕಲಿಸುತ್ತಿರುವುದು ನನ್ನನ್ನು ತೀವ್ರವಾಗಿ ನೋಯಿಸುತ್ತದೆ. ವೇದಿಕೆಯೇರುವ ಯುವತಿಯನ್ನು ನಾನು ದೂಷಿಸೆನು. ಆಕೆ ತನ್ನ ಆಯ್ಕೆಯನ್ನು ತಾನೇ ಮಾಡಬಲ್ಲಳು, ಮಗು ಮಾಡಲಾರದು. ಶಾಲೆಗಳ ಆಡಳಿತವರ್ಗದವರೂ ತಂದೆತಾಯಂದಿರೂ ಮಕ್ಕಳನ್ನು ಇಂಥ ಸ್ಪರ್ಧೆಗಳಿಗೆ ಒಡ್ಡದಿರಬೇಕೆಂದು ಕಳಕಳಿಯಿಂದ ಪ್ರಾರ್ಥಿಸುತ್ತೇನೆ.

ಇತಿ,
ಓರ್ವ ಓದುಗಿ, ಮೈಸೂರು