ಗಾರೆ ಮೆತ್ತುವ ಮುಂಚೆ

ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನ ಸುತ್ತಮುತ್ತ ಏಳುತ್ತಿರುವ ಮಳಿಗೆ, ಕ್ಲಿನಿಕ್ಕು, ಬಾಡಿಗೆ ಮನೆಗಳೊಳಗೆ ಒಮ್ಮೆ ಇಣುಕಿ ನೋಡಿ. ಗಾರೆ ಕಾಣದ ಗೋಡೆಯಲ್ಲಿ ಫ್ಯಾನಿಗೆ, ಗೀಸರಿಗೆ, ಏಸಿಗೆ ಪೈಪು ಇಳಿದಿರುತ್ತದೆ. ಕಂಪ್ಯೂಟರಿನ ತಂತಿಗೆ ಮಾತ್ರ ದಾರಿ ಬಿಟ್ಟಿರುವುದಿಲ್ಲ. ಕೇಳಿದರೆ, 'ಅದ್ಯಾಕ್ ಸಾ, ಈಗೆಲ್ಲಾ ವೈಫೈ ಅಲ್ವಾ?' ಅನ್ನುತ್ತಾರೆ.

ಈ ಉತ್ತರಕ್ಕೆ ತೆರಬೇಕಾದ ಬೆಲೆ ಇವತ್ತು ಕಾಣುವುದಿಲ್ಲ. ಟೈಲ್ಸ್ ಕೂತು, ಬಣ್ಣ ಬಳಿದು, ಬಾಡಿಗೆದಾರರು ಬಂದು, ಒಂದು ರೂಟರಿಗೆ ಇಪ್ಪತ್ತು ಮೂವತ್ತು ಫೋನು, ಕ್ಯಾಮೆರಾ, ಟೀವಿಗಳು ತಗುಲಿಕೊಂಡ ಮೇಲೆ ಕಾಣುತ್ತದೆ. ಆಗ ಗೋಡೆ ಒಡೆಯಬೇಕು, ಇಲ್ಲವೇ ಕಿಟಕಿಯಿಂದ ಕಿಟಕಿಗೆ ತಂತಿ ಜೋತುಬಿಡಬೇಕು.

ನಮ್ಮ ಕಡೆ ಒಂದು ಮಾತು ಚಾಲ್ತಿಯಲ್ಲಿದೆ: 'ಸರ್ವರ್ ಇಲ್ಲ.' ಪಹಣಿಗೆ ಹೋದರೂ ಅದೇ, ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಕಾದರೂ ಅದೇ. ಎಷ್ಟೋ ಸಲ ಸರ್ವರ್ ನಿಜಕ್ಕೂ ಕೆಟ್ಟಿರುತ್ತದೆ. ಆದರೆ ಬೆಂಗಳೂರಿನ ಸರ್ವರ್ ಆರಾಮಾಗಿದ್ದು, ಕೆಟ್ಟದ್ದು ಕೌಂಟರಿನಿಂದ ಕಿಟಕಿಯ ಬಳಿಯ ರೂಟರಿನವರೆಗಿನ ಮೂವತ್ತು ಅಡಿಯಾಗಿರುವುದೂ ಉಂಟು. ಬೈಗುಳ ಮಾತ್ರ ದೂರದವನಿಗೆ. ಆಸ್ತಿ ನೋಂದಣಿಗೂ ಇ-ಖಾತೆ ಬೇಕು ಅನ್ನುವ ಕಾಲದಲ್ಲಿ ಆ ಮೂವತ್ತು ಅಡಿ ಸಣ್ಣ ದೂರವಲ್ಲ.

ವೈಫೈ ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕಾದ ಕೂಟ. ಉಳಿದವರು ಸರದಿ ಕಾಯಬೇಕು. ನಾವು ಹೆಚ್ಚಾಗಿ ಬಳಸುವ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6, 11. ಸಾಲಾಗಿ ಹತ್ತು ಮಳಿಗೆ, ಹತ್ತು ರೂಟರ್ ಎಂದರೆ ಎಲ್ಲರೂ ಆ ಮೂರರಲ್ಲೇ ನುಗ್ಗಾಡಬೇಕು. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ, ಆದರೆ ಕಬ್ಬಿಣ ತುಂಬಿದ ಆರ್‌ಸಿಸಿ ಮೋಲ್ಡ್ ದಾಟುವಾಗ ಅದು ಸೊರಗುತ್ತದೆ. ತೋಟದ ಮನೆಗೆ ಕಂಬದಿಂದ ಕಂಬಕ್ಕೆ ಸಿಗ್ನಲ್ ಹಾರಿಸುವವರಿಗೆ ತೆಂಗಿನ ಗರಿಯ ಕಾಟ ಗೊತ್ತು. ಬೇಸಿಗೆಯಲ್ಲಿ ಕೂಡಿಸಿ ಹೋದ ಡಿಶ್, ಮಳೆಯಲ್ಲಿ ಗರಿ ನೆನೆದಾಗ ಕೈಕೊಡುತ್ತದೆ. ನೀರು ಈ ಅಲೆಗಳನ್ನು ಹೀರುತ್ತದೆ.

ಹಾಗಂತ ತಂತಿಯೇ ದೇವರು ಅನ್ನುವ ಪಂಗಡ ನಮ್ಮದಲ್ಲ. ತಂತಿಯೂ ಕಡಿಯುತ್ತದೆ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಮುಂದೆ ಅದೇ ಭಾರತ್‌ನೆಟ್ ಆಯಿತು. ಮೊದಲು ಎಳೆದದ್ದು ಸಾಲುಮನೆಯ ಹಾಗೆ. ನಡುವೆ ಒಂದು ಕಡೆ ಜೆಸಿಬಿ ಹಲ್ಲು ತಾಗಿದರೆ ಆಚೆಗಿನ ಊರುಗಳೆಲ್ಲ ಕತ್ತಲು. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಗೆ ಮಂಜೂರಾದ ತಿದ್ದುಪಡಿ ಯೋಜನೆ ಅದನ್ನು ಉಂಗುರದಂತೆ ಜೋಡಿಸಲು ಹೊರಟಿದೆ. ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಬರಲಿ ಅಂತ. ಬುದ್ಧಿ ಬರಲು ಹನ್ನೆರಡು ವರ್ಷ ಬೇಕಾಯಿತು.

ಸಿಡಿಲಿನದು ಇನ್ನೊಂದು ಕಥೆ. ಮುಂಗಾರಿಗೆ ಮೊದಲಿನ ಗುಡುಗು ಮಳೆ ನಾಗಮಂಗಲ ಸೀಮೆಗೆ ಹೊಸದಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ಲ್ಯಾನ್ ಕೇಬಲ್ ಎಳೆದರೆ, ಹತ್ತಿರದಲ್ಲಿ ಸಿಡಿಲು ಬಿದ್ದಾಗ ಎರಡೂ ಕಡೆಯ ಯಂತ್ರಗಳನ್ನು ಸುಡಲು ದಾರಿ ಮಾಡಿಕೊಟ್ಟಂತೆ. ಅಲ್ಲಿ ಲೋಹವಿಲ್ಲದ ಫೈಬರೇ ಸರಿ. ತಾಮ್ರದ ತಂತಿಗೆ ನೂರು ಮೀಟರಿನ ಮಿತಿ ಬೇರೆ ಇದೆ.

ಮೋಸವೂ ಇದೆ. ಕ್ಯಾಟ್ 6 ಲ್ಯಾನ್ ಕೇಬಲ್ ಎಂದು ಅಗ್ಗಕ್ಕೆ ಸಿಗುವ ಎಷ್ಟೋ ಸುರುಳಿಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ತೆಳು ಲೇಪ ಮಾತ್ರ. ಕೊಳ್ಳುವ ಮುಂಚೆ ತುದಿ ಬಿಡಿಸಿ ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಮಿನುಗಿದರೆ ಅಂಗಡಿಯವನಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಹಾಗಾದರೆ ಯಾವುದು? ನಡೆದಾಡುವ ವಸ್ತುವಿಗೆ ಗಾಳಿ, ಕೂತಲ್ಲೇ ಕೂರುವ ವಸ್ತುವಿಗೆ ತಂತಿ. ಫೋನು ವೈಫೈನಲ್ಲಿರಲಿ. ಬಿಲ್ಲಿಂಗ್ ಕಂಪ್ಯೂಟರ್, ಶಾಲೆಯ ಲ್ಯಾಬು, ಕ್ಯಾಮೆರಾದ ಪೆಟ್ಟಿಗೆ, ಆಸ್ಪತ್ರೆಯ ಎಕ್ಸ್‌ರೇ ನೋಡುವ ಪರದೆ ಇವೆಲ್ಲ ಕಾಲಿಲ್ಲದವು. ಇವುಗಳ ಜತೆ ವೈಫೈ ಪೆಟ್ಟಿಗೆಗೂ ತಂತಿಯೇ ಬೇಕು. ಮಹಡಿಗೊಂದು ಪೆಟ್ಟಿಗೆ ಇಡುವುದಾದರೆ ಮಹಡಿಗೊಂದು ಕೇಬಲ್ ಹೋಗಲೇಬೇಕು. 'ಎಲ್ಲಾ ವೈಫೈ' ಅನ್ನುವವರು ಮರೆಯುವುದು ಇದನ್ನೇ.

ಪಟ್ಟಣ ಪಂಚಾಯಿತಿ ಪರವಾನಗಿ ಕೊಡುವಾಗ ನಕ್ಷೆಯಲ್ಲಿ ಈ ತಂತಿಯ ದಾರಿಯನ್ನೂ ಕೇಳಬಹುದು. ಕೇಳದಿದ್ದರೂ ಕಟ್ಟಿಸುವವರು ವೈರಿಂಗ್‌ನವನಿಗೆ ಹೇಳಲು ಸೆಂಟ್ರಿಂಗ್ ಮೇಲೆ ಕಾಂಕ್ರೀಟ್ ಬೀಳುವವರೆಗೆ, ಗೋಡೆಗೆ ಗಾರೆ ಮೆತ್ತುವವರೆಗೆ ಸಮಯವಿದೆ. ಕರೆಂಟಿನ ಪೈಪಿನಲ್ಲೇ ತುರುಕಿಸಬೇಡಿ, ಬೇರೆಯದೇ ಒಂದಂಗುಲದ ಪೈಪು ಹಾಕಿಸಿ. ತಂತಿ ಈಗಲೇ ಎಳೆಯಬೇಕೆಂದೇನೂ ಇಲ್ಲ. ಪೈಪಿನೊಳಗೆ ಒಂದು ನೈಲಾನ್ ದಾರ ಬಿಟ್ಟಿರಿ, ಮುಂದೆ ಬರುವವನು ಅದಕ್ಕೆ ಕೇಬಲ್ ಕಟ್ಟಿ ಎಳೆದುಕೊಳ್ಳುತ್ತಾನೆ.